ನಾಗವೇಣಿಯ ತಲೆನೋವು ಮತ್ತು ಬೇಕರಿಯ ಜನರೇಟರ್

ಎರಡು ವರ್ಷದ ಹಿಂದಿನ ಮೇ ತಿಂಗಳು. ಮದುವೆ ಹಂಗಾಮು. ನಮ್ಮಂಥ ಹೊಲಿಗೆಯವರಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲದ ದಿನಗಳು. ಶಿರಸಿ ಪೇಟೆಯ ಒಂದು ಹಳೇ ಮಾಳಿಗೆ ಮನೆಯ ಮೇಲಿನ ಎರಡು ಕೋಣೆಯಲ್ಲಿ ನನ್ನ ಟೇಲರಿಂಗ್ ಅಂಗಡಿ. ಹೊರಗಿನ ಕೋಣೆಯಲ್ಲಿ ನಾನು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತೇನೆ. ಒಳಗಿನ ಕೋಣೆಯಲ್ಲಿ ನನ್ನ ಸಹಾಯಕಿ ನಾಗವೇಣಿ ಕೂತು ಹೆಮ್ಮಿಂಗ್ ಮಾಡುತ್ತಾಳೆ, ಹುಕ್ಕು ಹಚ್ಚುತ್ತಾಳೆ, ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸಿದ್ದಾಪುರದ ಕಡೆಯವಳು, ಮದುವೆಯಾಗಿ ಶಿರಸಿಗೆ ಬಂದು ಆಗ ಮೂರು ವರ್ಷವಾಗಿತ್ತು. ಅವಳ ಕೈಹೊಲಿಗೆ ನೋಡಿದರೆ ಮಷಿನ್ನು ನಾಚಬೇಕು. ಬಾಯಿ ಮಾತ್ರ ಇಲ್ಲ. ಹತ್ತು ಮಾತಿಗೆ ಒಂದು 'ಹ್ಞೂಂ'. ಆ ಕೊರತೆಯನ್ನು ನಾನು ಬಡ್ಡಿ ಸಮೇತ ತುಂಬುತ್ತೇನೆ ಎಂದು ನನ್ನ ಗಂಡ ಹೇಳುತ್ತಾರೆ.

ಕೆಳಗೆ ವೀರಭದ್ರಪ್ಪನವರ ಬೇಕರಿ. ಬನವಾಸಿ ಕಡೆಯವರು. ಮನುಷ್ಯ ಕೆಟ್ಟವರಲ್ಲ, ಹಬ್ಬ ಹುಣ್ಣಿಮೆಗೆ ಮರೆಯದೆ ಮೇಲೆ ಬೆಣ್ಣೆ ಬಿಸ್ಕತ್ತು ಕಳಿಸುವವರು. ಅವರ ಜನರೇಟರ್ ಮಾತ್ರ ಶುದ್ಧ ರಾಕ್ಷಸ. ಯಾರೋ ಬಳಸಿ ಬಿಟ್ಟಿದ್ದ ಹಳೇ ಡೀಸೆಲ್ ಜನರೇಟರನ್ನು ತಂದು ಹಿತ್ತಲಲ್ಲಿ, ಸರಿಯಾಗಿ ನಮ್ಮ ಒಳಕೋಣೆಯ ಕಿಟಕಿಯ ಕೆಳಗೇ ಕೂರಿಸಿದ್ದರು. ಜಾಗವೇ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಆದರೆ ಅಲ್ಲಿ ಅವರ ಬೈಕು ನಿಲ್ಲುತ್ತಿತ್ತು.

ಮೇ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ಹೇಗಿರುತ್ತದೆಂದು ಗೊತ್ತಲ್ಲ. ಮಧ್ಯಾಹ್ನ ಒಂದು ಗಾಳಿ ಬೀಸಿದರೆ ಸಾಕು, ಎಲ್ಲೋ ಒಂದು ಮರ ತಂತಿಯ ಮೇಲೆ ಒರಗುತ್ತದೆ. ಮರ ಬೀಳದ ದಿನ ಲೈನ್ ರಿಪೇರಿ. ಕರೆಂಟು ಹೋದ ಮರುಕ್ಷಣ ಕೆಳಗೆ 'ಧಡ್ ಧಡ್' ಶುರು. ಕಪ್ಪು ಹೊಗೆ ಗುಪ್ಪೆಂದು ಎದ್ದು ಬಾಗಿಲು ತಟ್ಟದೆ ನೇರ ನನ್ನ ಅಂಗಡಿಯ ಒಳಗೆ. ಕಣ್ಣುರಿ, ಗಂಟಲುರಿ, ಮೂಗು ಸೀಟಿದರೆ ಕರವಸ್ತ್ರ ಕಪ್ಪು. ಬಟ್ಟೆ ಅಳತೆ ಕೊಡಲು ಬಂದವರು "ಗೀತಕ್ಕಾ, ಎಂತದು ಇದು, ಯಾರಾದ್ರೂ ಟಯರ್ ಸುಡ್ತಿದ್ರಾ?" ಎಂದು ಕೇಳುವರು.

ನಾನು ಸುಮ್ಮನಿರುವ ಜಾತಿಯಲ್ಲ. ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು ಹೋಗಿ ಜಗಳವಾಡಿದೆ.

"ಎಂತ ಮಾರಾಯ್ರೆ, ನಮ್ಮನ್ನ ಹೊಗೆ ಹಾಕಿ ಓಡ್ಸೂಕೆ ನಾವೆಂತ ಸೊಳ್ಳೆಗಳಾ?"

"ನಾ ಏನ್ ಮಾಡ್ಲಿರಿ ಅಕ್ಕಾರ? ಕರೆಂಟ್ ಹೋದ್ರ ಕ್ರೀಮ್ ಎಲ್ಲಾ ಕರಗಿ ನೀರಾಗ್ತಾವ್ರಿ. ಇವತ್ತೊಂದಿನ ತಡ್ಕೊಳ್ರಿ" ಎಂದು ಅವರು ಕೈ ಮುಗಿಯುವರು. ದಿನಾ 'ಇವತ್ತೊಂದಿನ'. ಅರ್ಜಿ ಬರೆದುಕೊಂಡು ಎರಡು ಕಚೇರಿ ಹತ್ತಿಳಿದೆ. ಒಬ್ಬರು, ಶಬ್ದದ ದೂರಾದರೆ ನಾವು ನೋಡುತ್ತೇವೆ, ಹೊಗೆ ನಮ್ಮದಲ್ಲ ಎಂದರು. ಇನ್ನೊಬ್ಬರು, ಹೊಗೆ ನಮ್ಮದೇ, ಆದರೆ ಅದನ್ನು ನೋಡುವವರು ರಜೆಯಲ್ಲಿದ್ದಾರೆ ಎಂದರು. ಅರ್ಜಿಯ ಝೆರಾಕ್ಸ್ ಪ್ರತಿ ಈಗಲೂ ನನ್ನ ಡ್ರಾವರಿನಲ್ಲಿದೆ. ಚಾಕ್‌ಪೀಸ್ ಸುತ್ತಿಡಲು ಬರುತ್ತದೆ.

ಒಂದು ದಿನ ಮದುಮಗಳೊಬ್ಬಳ ಕೆನೆಬಣ್ಣದ ರೇಷ್ಮೆ ರವಿಕೆಯ ಮೇಲೆ ಮಸಿಯ ಚುಕ್ಕೆ ಬಿತ್ತು. ಒರೆಸಿದಷ್ಟೂ ಹರಡಿತು. ರಾತ್ರಿ ಹಗಲೆನ್ನದೆ ಇನ್ನೊಂದು ಹೊಲಿದು ಕೊಟ್ಟದ್ದಾಯಿತು. ಆ ಸಿಟ್ಟಿಗೆ ಬಡಗಿಯನ್ನು ಕರೆಸಿ, ಒಳಕೋಣೆಯ ಕಿಟಕಿಗೆ ಪ್ಲೈವುಡ್ ಹಲಗೆ ಹೊಡೆಸಿ ಮುಚ್ಚಿಸಿಬಿಟ್ಟೆ. ಆ ಕೋಣೆಗೆ ಇದ್ದದ್ದು ಅದೊಂದೇ ಕಿಟಕಿ.

ವೀರಭದ್ರಪ್ಪನವರಿಗೂ ನನ್ನ ಬಾಯಿಯ ಕಾಟ ಸಾಕಾಗಿತ್ತು. ಮೊದಲು ಹೊಗೆಯ ಪೈಪನ್ನು ಓಣಿಯ ಕಡೆಗೆ ಬಗ್ಗಿಸಿದರು. ಓಣಿಯ ಚಹಾದಂಗಡಿಯವ ಸೌಟು ಹಿಡಿದುಕೊಂಡೇ ಬಂದ. ಆಮೇಲೆ ಪೈಪಿನ ಬಾಯಿಗೆ ಒದ್ದೆ ಗೋಣಿಚೀಲ ಕಟ್ಟಿದರು. ಕಪ್ಪೆಲ್ಲ ಚೀಲಕ್ಕೆ ಹಿಡಿದು ಹೊಗೆ ತೆಳ್ಳಗಾಯಿತೇನೋ ನಿಜ. ಆದರೆ ಅರ್ಧ ಗಂಟೆಯಲ್ಲಿ ಜನರೇಟರ್ ದಮ್ಮು ಕಟ್ಟಿ ನಿಂತೇಹೋಯಿತು.

ಆಗ ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಹತ್ತಿಕೊಳ್ಳದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಹಳೇ ಮನೆ ಎಂದೆನಲ್ಲ, ಅದರ ಹಿತ್ತಲಲ್ಲಿ ಹಳೇ ಬಚ್ಚಲುಮನೆ ಇತ್ತು. ಹಂಡೆಯ ಒಲೆ, ಆ ಒಲೆಯ ಹೊಗೆ ಹೋಗಲು ಗೋಡೆಯೊಳಗೇ ಕಟ್ಟಿದ ಹೊಗೆಗೂಡು. ಅದು ನಮ್ಮ ಒಳಕೋಣೆಯ ಗೋಡೆಯಲ್ಲಿ ಹಾದು ಹೆಂಚಿನ ಮೇಲೆ ತಲೆ ಎತ್ತಿತ್ತು. ಒಲೆ ಉರಿಸುವುದು ನಿಂತು ಎಷ್ಟೋ ವರ್ಷವಾಗಿತ್ತು. ಹಿಂದೊಮ್ಮೆ ಅದರಲ್ಲಿ ಬಾವಲಿ ಸೇರಿಕೊಂಡು ಕಾಟ ಕೊಟ್ಟಿದ್ದವು, ಅದಕ್ಕೊಂದು ಪರಿಹಾರ ಮಾಡಿ ಮರೆತಿದ್ದೆವು. ನಾನು ವೀರಭದ್ರಪ್ಪನವರಿಗೆ ಹೇಳಿದೆ:

"ಅಜ್ಜನ ಕಾಲದಿಂದ ಹೊಗೆ ಮೇಲೆ ಹೋಗೂಕೆ ದಾರಿ ಮಾಡಿಟ್ಟಿದ್ದಾರೆ. ನಿಮ್ಮ ಪೈಪನ್ನ ಆ ಹಂಡೆ ಒಲೆಯ ಬಾಯಿಗೆ ತುರುಕಿ, ಸುತ್ತ ಸಿಮೆಂಟ್ ಬಡೀರಿ. ಹೊಗೆ ಹೆಂಚಿನ ಮೇಲೆ ಹೋಗ್ತದೆ, ನಮ್ಮ ಜಗಳವೂ ಮುಗೀತದೆ."

"ಅಕ್ಕಾರ, ನೀವು ಇಂಜಿನಿಯರ್ ಆಗಬೇಕಿತ್ರಿ!" ಎಂದರು ವೀರಭದ್ರಪ್ಪ. ನಾನು ಉಬ್ಬಿಹೋದೆ. ಎರಡೇ ದಿನದಲ್ಲಿ ಕೆಲಸವಾಯಿತು. ಜಾಣತನಕ್ಕೆ ಇನ್ನಷ್ಟು ಜಾಣತನ ಸೇರಿಸಿ, ಮಸಿ ಹಿಡಿಯಲೆಂದು ಒಲೆಯ ಬಾಯಲ್ಲಿ ಒದ್ದೆ ಗೋಣಿಯನ್ನು ಸಡಿಲವಾಗಿ ಇಳಿಬಿಟ್ಟರು. ಕರೆಂಟು ಹೋಯಿತು, ಜನರೇಟರ್ ಶುರುವಾಯಿತು, ಹಿತ್ತಲಲ್ಲಿ ಹೊಗೆ ಇಲ್ಲ! ಓಣಿಯಲ್ಲೂ ಇಲ್ಲ. ಚಹಾದಂಗಡಿಯವ ಮೇಲೆ ಬಂದು ನನಗೆ ಬಿಟ್ಟಿ ಚಹಾ ಕೊಟ್ಟುಹೋದ. ಹೆಂಚಿನ ಮೇಲಾದರೂ ಹೊಗೆ ಬರುತ್ತಿದೆಯೇ ಎಂದು ನಾವು ಯಾರೂ ಕತ್ತೆತ್ತಿ ನೋಡಲಿಲ್ಲ. ಇಲ್ಲ ಎಂದ ಮೇಲೆ ಇಲ್ಲ, ಅಷ್ಟೆ. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ನಾನು ಈ ಕತೆ ಹೇಳಿದ್ದೇ ಹೇಳಿದ್ದು. ಸ್ವಲ್ಪ ಡೀಸೆಲ್ ವಾಸನೆ ಇತ್ತು. ಆದರೆ ತಿಂಗಳುಗಟ್ಟಲೆ ಹೊಗೆ ಕುಡಿದು ಕುಡಿದು ನಮ್ಮ ಮೂಗು ಸತ್ತಿತ್ತು. ಕಿಟಕಿಯ ಹಲಗೆ ತೆಗೆಸೋಣ ಎಂದುಕೊಂಡೆ. ಅಷ್ಟರಲ್ಲಿ ಅದಕ್ಕೆ ಮೊಳೆ ಹೊಡೆದು ನೂಲಿನ ಉಂಡೆ, ಲೇಸು ನೇತುಹಾಕಿದ್ದಾಗಿತ್ತು. ಇರಲಿ, ಹಂಗಾಮು ಮುಗಿಯಲಿ ಎಂದು ಬಿಟ್ಟೆ.

ಅದೇ ವಾರ ನಾಗವೇಣಿ ಮೊದಲ ಸಲ "ಅಕ್ಕಾ, ತಲೆ ಸಿಡೀತದೆ" ಎಂದಳು.

"ಬಿಸ್ಲಿಗೆ ಇರ್ಬೇಕು ಮಾರಾಯ್ತಿ. ಒಂದು ಲೋಟ ಮಜ್ಜಿಗೆ ಕುಡಿ" ಎಂದೆ. ಮರುದಿನವೂ ತಲೆನೋವು. ಮೂರನೇ ದಿನವೂ. ಮೇಜಿನ ಮೇಲೆ ಇಪ್ಪತ್ತೆರಡು ರವಿಕೆ ಬಾಕಿ. ನನ್ನ ತಾಳ್ಮೆ ಎಷ್ಟು ಎಂದು ನನಗೇ ಗೊತ್ತು. "ಕೆಲ್ಸ ಇದ್ದಾಗಲೇ ಬರ್ತದಲ್ಲ ನಿನ್ನ ತಲೆನೋವು! ಮನೆಗೆ ಹೋದ ಕೂಡ್ಲೆ ಹೋಗ್ತದೆ ಅಲ್ದಾ?" ಎಂದು ಕುಟುಕಿದೆ.

"ಹೌದಕ್ಕಾ, ಮನೆಗೆ ಹೋದ್ರೆ ಕಡಿಮೆ ಆಗ್ತದೆ" ಎಂದಳು, ಪಾಪ, ಇದ್ದದ್ದನ್ನು ಇದ್ದ ಹಾಗೆ. ನಾನು ಅದನ್ನು ಕಳ್ಳಾಟ ಎಂದುಕೊಂಡೆ. ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು. ಕಿವಿ ಇದ್ದೂ ಕೇಳಲಿಲ್ಲ ನಾನು.

ನಾಲ್ಕನೇ ದಿನ ಅವಳು ವಾಂತಿ ಮಾಡಿಕೊಂಡಳು. ತಲೆ ಸುತ್ತು ಬೇರೆ. ಅಂಗಡಿಯಲ್ಲಿ ಇದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ನನ್ನ ಮುಖವೂ ಅರಳಿತು. "ಏನೇ, ವಿಶೇಷ ಉಂಟನೇ?" ಎಂದೆ. ಅವಳು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದಳು. ಮೂರು ವರ್ಷದಿಂದ ಮಕ್ಕಳಿಲ್ಲವೆಂದು ಕಂಡಕಂಡವರ ಕೈಲಿ ಕೇಳಿಸಿಕೊಂಡವಳು. ಕಂಡಕಂಡವರಲ್ಲಿ ನಾನೂ ಒಬ್ಬಳು, ಸುಳ್ಳೇಕೆ. ಅವಳೂ ಬೆರಳು ಮಡಿಸಿ ಎಣಿಸಿ ನೋಡಿದ್ದಳಂತೆ, ಐದು ದಿನ ಮುಂದೆ ಹೋಗಿತ್ತಂತೆ. "ಇನ್ನೂ ಯಾರಿಗೂ ಹೇಳ್ಬೇಡಿ ಅಕ್ಕಾ" ಎಂದು ಮೆಲ್ಲಗೆ ಹೇಳಿದಳು. ನಾನು ಯಾರಿಗೂ ಹೇಳಲಿಲ್ಲ, ಅಂಗಡಿಗೆ ಬಂದವರನ್ನು ಬಿಟ್ಟು. ವೀರಭದ್ರಪ್ಪ ಒಂದು ಪೊಟ್ಟಣ ಖಾರಾ ಬಿಸ್ಕತ್ತು ಕಳಿಸಿದರು. ನಾನು ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟೆ. "ಓಡಾಡಬೇಡ, ಒಳಗೇ ಕೂತಿರು. ಬಿಸಿಲಿಗೆ ಬರಬೇಡ" ಎಂದು ಕಟ್ಟಪ್ಪಣೆ ಮಾಡಿದೆ. ಒಳಗೇ ಕೂತಿರು! ನನ್ನ ಕೈಯಾರೆ ಅವಳನ್ನು ಆ ಕೋಣೆಯಲ್ಲಿ ಕೂರಿಸಿದೆ.

ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ ಒಂಬತ್ತಕ್ಕೇ ಕರೆಂಟು ಹೋಯಿತು. ಸಂಜೆವರೆಗೂ ಲೈನ್ ಕೆಲಸ ಎಂದು ಸುದ್ದಿ. ಕೆಳಗೆ ಜನರೇಟರ್ ಒಂದೇ ಸಮನೆ ಓಡುತ್ತಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ವಜ್ರಳ್ಳಿಯಿಂದ ಒಬ್ಬ ಹೆಂಗಸು ಮಗಳ ರವಿಕೆ ಒಯ್ಯಲು ಬಂದರು. ಬಸ್ಸಿಗೆ ಹೊತ್ತಾಯಿತೆಂದು ಅವರಿಗೆ ಅವಸರ.

"ನಾಗವೇಣೀ, ಆ ಹಸಿರು ರವಿಕೆ ತಗಂಬಾರೆ!"

ಸದ್ದಿಲ್ಲ. ಇನ್ನೊಮ್ಮೆ ಕೂಗಿದೆ. ಮೂರನೇ ಸಲ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, "ನಿದ್ದೆ ಹೊಡೀತಿದ್ಯನೇ?" ಎನ್ನುತ್ತ ಬಾಗಿಲು ನೂಕಿದೆ.

ಅವಳು ಗೋಡೆಗೆ ಒರಗಿ ಪಕ್ಕಕ್ಕೆ ಜಾರಿ ಬಿದ್ದಿದ್ದಳು. ಕೈಯಲ್ಲಿ ಸೂಜಿ ಹಾಗೇ ಇತ್ತು. ಮಡಿಲಲ್ಲಿ ಹಸಿರು ರವಿಕೆ, ಕೊನೆಯ ಹುಕ್ಕು ಅರ್ಧ ಹಚ್ಚಿತ್ತು. ಕಣ್ಣು ಅರೆ ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. "ನಾಗವೇಣಿ, ನಾಗವೇಣಿ" ಎಂದು ಅಲುಗಾಡಿಸಿದೆ. ಬಗ್ಗಿ ಎತ್ತಲು ಹೋದರೆ ನನಗೂ ತಲೆ ಗಿಮ್ಮೆಂದಿತು, ಕಾಲಲ್ಲಿ ಬಲವೇ ಇಲ್ಲ. ಕಿಟಕಿ ತೆಗೆಯೋಣ ಎಂದು ಕೈ ಚಾಚಿದೆ. ಹಲಗೆ! ಮೊಳೆ ಹೊಡೆದ ಹಲಗೆ! ನನ್ನ ಜನ್ಮದಲ್ಲಿ ನಾನು ಅಷ್ಟು ಜೋರಾಗಿ ಕೂಗಿದ್ದಿಲ್ಲ. ವಜ್ರಳ್ಳಿಯ ಹೆಂಗಸು ಒಳಗೆ ನುಗ್ಗಿ ಅವಳ ಕಾಲು ಹಿಡಿದರು, ನಾನು ತೋಳು ಹಿಡಿದೆ. ಇಬ್ಬರೂ ಎಳೆದು ಮೆಟ್ಟಿಲ ತನಕ ತಂದೆವು. ಕೆಳಗಿನಿಂದ ವೀರಭದ್ರಪ್ಪ ಓಡಿಬಂದು, ಹಿಟ್ಟು ಮೆತ್ತಿದ ಕೈಯಲ್ಲೇ ಅವಳನ್ನು ಎತ್ತಿಕೊಂಡು ರಸ್ತೆಗೆ ತಂದರು. ಗಾಳಿ ತಾಗಿದ ಮೇಲೆ ಒಮ್ಮೆ ನರಳಿದಳು. ಆ ನರಳಿಕೆ ಕೇಳಿ ನಾನು ಅಳುವುದಕ್ಕೆ ಶುರುಮಾಡಿದೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವವರೆಗೂ ಅತ್ತೆ.

ಡಾಕ್ಟರಮ್ಮ ಮೂಗಿಗೆ ಆಕ್ಸಿಜನ್ ಹಾಕಿಸಿ ಹೊರಗೆ ಬಂದು ಕೇಳಿದರು, "ಅಂಗಡಿಯಲ್ಲಿ ಒಲೆ, ಇದ್ದಿಲು, ಜನರೇಟರ್ ಏನಾದ್ರೂ ಇದೆಯಾ?"

"ಕೆಳಗೆ ಜನರೇಟರ್ ಇದೆ, ಆದ್ರೆ ಹೊಗೆ ಇಲ್ಲ ಡಾಕ್ಟ್ರೇ. ಅವಳು ಬಸುರಿ..." ಎಂದೆ.

"ಹೊಗೆ ಇಲ್ಲ ಅಂದ್ರೆ? ಎಲ್ಲಿ ಹೋಗ್ತದೆ ಅದು?"

ಆ ಹೊತ್ತಿನಲ್ಲೂ ನನ್ನ ಜಾಣತನದ ಕತೆ ಬಾಯಿಗೆ ಬಂತು ನೋಡಿ. ಹಂಡೆ ಒಲೆ, ಹೊಗೆಗೂಡು, ಸಿಮೆಂಟು ಎಲ್ಲ ವಿವರಿಸಿದೆ. ಅಷ್ಟರಲ್ಲಿ ನನ್ನ ಗಂಡ ಬಂದಿದ್ದರು. ಅವರು ಸಿದ್ದಾಪುರದಲ್ಲಿ ಮಾಸ್ತರು, ರಜೆಯಲ್ಲಿ ಮನೆಯಲ್ಲಿದ್ದವರು ಸುದ್ದಿ ಕೇಳಿ ಓಡಿಬಂದಿದ್ದರು. ಹೊಗೆಯ ತೊಂದರೆ ತಪ್ಪಿತು ಎಂದು ಅವರಿಗೆ ಹೇಳಿದ್ದೆ, ಹೇಗೆ ತಪ್ಪಿತು ಎಂದು ಅವರು ಕೇಳಿರಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಅವರ ಮುಖ ಬಿಳುಚಿತು.

"ಹೊಗೆಗೂಡಿಗಾ? ಎಂತ ಹೇಳ್ತಿದ್ಯೇ ನೀನು? ಬಾವಲಿ ಬರ್ತು ಹೇಳಿ ಅದರ ಬಾಯಿ ಬಂದ್ ಮಾಡ್ಸಿದ್ದು ನೀನೇ ಅಲ್ದನೇ? ನಾನೇ ಅಲ್ದನೇ ಹೆಂಚು ಹತ್ತಿ ಚಿಂದಿ ಮೂಟೆ ತುರುಕಿದ್ದು!"

ಅಲ್ಲೇ ಬೆಂಚಿನ ಮೇಲೆ ಕೂತೆ. ಹೌದು. ಅಂಗಡಿಯ ಚಿಂದಿ ಬಟ್ಟೆಯನ್ನೆಲ್ಲ ಗೋಣಿಯಲ್ಲಿ ತುಂಬಿ, "ಇದನ್ನೇ ತುರುಕಿ, ದುಡ್ಡಿಲ್ಲದೆ ಕೆಲಸ ಆಗ್ತದೆ" ಎಂದು ಕೊಟ್ಟವಳು ನಾನೇ. ಮೇಲಿನ ಬಾಯಿ ಕಟ್ಟಿದವಳು ನಾನು, ಕೆಳಗಿನ ಬಾಯಿ ತೋರಿಸಿದವಳು ನಾನು, ಕಿಟಕಿಗೆ ಹಲಗೆ ಹೊಡೆಸಿದವಳೂ ನಾನು. ಬೇರೆ ಯಾರನ್ನಾದರೂ ಬೈಯೋಣವೆಂದರೆ ಯಾರೂ ಉಳಿದಿರಲಿಲ್ಲ.

ನಾಗವೇಣಿ ಉಳಿದಳು. ಡಾಕ್ಟರಮ್ಮ ಹೇಳಿದ ಮಾತನ್ನು ನಾನು ಮರೆತಿಲ್ಲ: ಕೋಣೆಯಲ್ಲಿ ತುಂಬಿದ್ದು ಹೊಗೆಯೊಳಗಿನ, ಕಣ್ಣಿಗೆ ಕಾಣದ ವಿಷಗಾಳಿ, ಇನ್ನು ಸ್ವಲ್ಪ ಹೊತ್ತು ಯಾರೂ ಬಾಗಿಲು ತೆಗೆಯದೆ ಇದ್ದಿದ್ದರೆ ಕಷ್ಟವಿತ್ತು. ವಜ್ರಳ್ಳಿಯ ಆ ಹೆಂಗಸಿಗೆ ಬಸ್ಸಿನ ಅವಸರ ಇತ್ತಲ್ಲ, ಅದೇ ನಾಗವೇಣಿಯ ಜೀವ ಉಳಿಸಿತು. ಅವರ ಹೆಸರು ನನ್ನ ಅಳತೆ ಪುಸ್ತಕದಲ್ಲಿದೆ. ಆಮೇಲೆ ಅವರ ಮಗಳ ಮದುವೆಗೆ ಹೋಗಿ ಬಂದೆ.

ಸಂಜೆ ಅವಳ ಹಾಸಿಗೆ ಪಕ್ಕ ಕೂತಿದ್ದೆ. ಹತ್ತು ಮಾತಿಗೆ ಒಂದು 'ಹ್ಞೂಂ' ಎನ್ನುವವಳು ಅವತ್ತು ತಾನೇ ಮಾತಾಡಿದಳು.

"ಅಕ್ಕಾ, ಡಾಕ್ಟ್ರು ಟೆಸ್ಟ್ ಮಾಡಿದ್ರು. ಎಂತದೂ ಇಲ್ಲಂತೆ. ವಾಂತಿ ಬಂದದ್ದು ಹೊಗೆಗಂತೆ."

ನಾನು ಅವಳ ಕೈ ಹಿಡಿದುಕೊಂಡೆ. ಹೊಗೆಗೆ ಅವಳು ಅತ್ತಿರಲಿಲ್ಲ, ಸಾಯುವ ಹಾಗಾದದ್ದಕ್ಕೂ ಅಳಲಿಲ್ಲ. ಇದಕ್ಕೆ ಅತ್ತಳು. ಊರಿಗೆಲ್ಲ ಡಂಗುರ ಹೊಡೆದವಳು ನಾನು. ಇನ್ನು ಅಷ್ಟೂ ಜನಕ್ಕೆ 'ಇಲ್ಲ' ಎಂದು ಉತ್ತರ ಹೇಳಬೇಕಾದವಳು ಅವಳು. "ಅವಳ ಹತ್ರ ಕೇಳ್ಬೇಡಿ, ತಪ್ಪು ನಂದು" ಎಂದು ನಾನೇ ಒಬ್ಬೊಬ್ಬರಿಗೂ ಹೇಳುತ್ತ ತಿರುಗಿದೆ. ಆದರೂ ಕೇಳುವವರು ಕೇಳಿದರು.

ಮರುದಿನ ನನ್ನ ಗಂಡ ಹೆಂಚು ಹತ್ತಿ ಆ ಮೂಟೆಯನ್ನು ಎಳೆದು ಹಿತ್ತಲಿಗೆ ಎಸೆದರು. ಗೋಣಿ ಒಡೆದು ಚಿಂದಿ ಚೆಲ್ಲಿತು. ಇದ್ದಿಲಿನ ಹಾಗೆ ಕಪ್ಪು. ಒಳಗೊಳಗೆ ಯಾರ್ಯಾರದೋ ಮದುವೆಯ ಕೆಂಪು, ಹಳದಿ ತುಂಡು. ಒಳಕೋಣೆಯ ಕಪಾಟು ಸರಿಸಿ ನೋಡಿದರೆ, ಗೋಡೆಯಲ್ಲಿ ಮಸಿ ತೆಗೆಯಲು ಹಿಂದಿನವರು ಬಿಟ್ಟಿದ್ದ ಕಿಂಡಿ. ಅದಕ್ಕೆ ಇಟ್ಟಿದ್ದ ಇಟ್ಟಿಗೆ ಸಡಿಲಾಗಿ ಸುತ್ತ ಕಪ್ಪು ಗೆರೆ ಮೂಡಿತ್ತು. ನಾಗವೇಣಿ ಕೂರುತ್ತಿದ್ದ ಮಣೆ ಅದಕ್ಕೆ ಒಂದು ಮೊಳ ದೂರ.

ವೀರಭದ್ರಪ್ಪ ಬೇಕರಿಗೆ ಬೀಗ ಹಾಕಿ ಕೂತರು. "ನನಗ ಬ್ಯಾಡ್ರಿ ಆ ಜನರೇಟರ್, ಕ್ರೀಮ್ ಕರಗಿದ್ರ ಕರಗಲಿ" ಎಂದು ಹಣೆ ಬಡಿದುಕೊಂಡರು. ಆಮೇಲೆ ಯಾರೋ ಹೇಳಿ ಯಲ್ಲಾಪುರದಿಂದ ಸಲೀಂ ಎಂಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಜನರೇಟರಿನ ಹೊಟ್ಟೆ ಬಿಚ್ಚಿ ನೋಡಿ, ಗಾಳಿಯ ಫಿಲ್ಟರ್ ಎತ್ತಿ ತೋರಿಸಿದ. ಹಿಟ್ಟು, ಮಸಿ, ಜೇಡರ ಬಲೆ ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು.

"ಹೊಗೆ ಕಪ್ಪು ಬಂತು ಅಂದ್ರೆ ಇದರ ಹೊಟ್ಟೆ ಕೆಟ್ಟಿದೆ ಅಂತ ಅಕ್ಕಾ. ನೀವೆಲ್ಲ ಹೊಟ್ಟೆಗೆ ಔಷಧಿ ಕೊಡೋದು ಬಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ರಿ. ಬಾಯಿ ಕಟ್ಟಿದಷ್ಟೂ ವಿಷ ಜಾಸ್ತಿ ಆಯ್ತು. ಗೋಣಿಚೀಲ ಕಪ್ಪು ಹಿಡೀತದೆ, ವಿಷ ಹಿಡೀತದಾ?" ಎಂದ.

ಇಷ್ಟು ಸರಳ ಮಾತನ್ನು ಅಷ್ಟು ದಿನ ಯಾರೂ ಹೇಳಲಿಲ್ಲ. ಕೇಳಲು ನಾನೂ ಬಾಯಿ ಮುಚ್ಚಿರಲಿಲ್ಲವೆನ್ನಿ. ಅವನು ಫಿಲ್ಟರ್ ಬದಲಿಸಿದ, ಡೀಸೆಲ್ ಚಿಮ್ಮುವ ನಾಜಲ್ ರಿಪೇರಿ ಮಾಡಿಸಿದ. ಜನರೇಟರ್ ಈಗ ಬೈಕು ನಿಲ್ಲುತ್ತಿದ್ದ ಜಾಗದಲ್ಲಿದೆ. ಪೈಪು ಗೋಡೆಯ ಹೊರಗಿನಿಂದ ಹೆಂಚು ದಾಟಿ ಎರಡಾಳೆತ್ತರ ಮೇಲೆ ಹೋಗಿದೆ. ಪೈಪಿನ ನಡುವೆ ಹುಬ್ಬಳ್ಳಿಯಿಂದ ತರಿಸಿದ ಒಂದು ಡಬ್ಬಿ, ಹೊಗೆಯ ಮಸಿ ಹಿಡಿದು ವಿಷವನ್ನು ಕಡಿಮೆ ಮಾಡುತ್ತದಂತೆ. "ಡಬ್ಬಿ ಹಾಕಿದೆ ಅಂತ ಫಿಲ್ಟರ್ ಮರೀಬೇಡಿ" ಎಂದು ಸಲೀಂ ಮೂರು ಸಲ ಹೇಳಿ ಹೋದ. ವೀರಭದ್ರಪ್ಪ ಮರೆಯುತ್ತಾರೆ, ನಾನು ಬಿಡುವುದಿಲ್ಲ. ಹಳೇ ಹೊಗೆಗೂಡಿನ ಕೆಳಬಾಯಿ, ಮೇಲ್ಬಾಯಿ, ಕಿಂಡಿ ಎಲ್ಲಕ್ಕೂ ಗಾರೆ ಹಾಕಿಸಿದೆವು. ನನ್ನ ಐಡಿಯಾಗಳಿಗೂ.

ನಾಗವೇಣಿ ಇನ್ನು ಬರುವುದಿಲ್ಲ ಎಂದೇ ತಿಳಿದಿದ್ದೆ. ಹದಿನೈದು ದಿನ ಕಳೆದು ಬಂದಳು. ಬಂದವಳು ಚಪ್ಪಲಿ ಬಿಟ್ಟು, ಸೀದಾ ಒಳಕೋಣೆಗೆ ಹೋಗಿ, ಹಲಗೆ ತೆಗೆದಿದ್ದ ಕಿಟಕಿಯನ್ನು ಪೂರ್ತಿ ತೆರೆದಳು. ಆಮೇಲೆ "ಆ ಹಸಿರು ರವಿಕೆಯ ಹುಕ್ಕು ಯಾರು ಹಚ್ಚಿದ್ರು ಅಕ್ಕಾ?" ಎಂದು ಕೇಳಿದಳು. ನಾನೇ ಹಚ್ಚಿದ್ದೆ ಎಂದೆ. "ಹಾಗಾದ್ರೆ ಕಿತ್ತು ಹೋಗಿರ್ತದೆ" ಎಂದಳು. ಅವಳ ಬಾಯಲ್ಲಿ ತಮಾಷೆ ಕೇಳಿದ್ದು ಅದೇ ಮೊದಲು.

ವಾಂತಿ ಮಾಡಿಕೊಂಡ ಯಾವ ಹೆಣ್ಣುಮಗಳನ್ನೂ ನಾನೀಗ 'ವಿಶೇಷವಾ' ಎಂದು ಕೇಳುವುದಿಲ್ಲ. ನಾಲಿಗೆಯ ತುದಿಗೆ ಬಂದರೂ ನುಂಗುತ್ತೇನೆ.

ಮೊನ್ನೆ ಮತ್ತೆ ಹಂಗಾಮಿನ ನಡುವೆ, ಮೇಜಿನ ಮೇಲೆ ಬಟ್ಟೆಯ ರಾಶಿ ಇದ್ದಾಗ, ನಾಗವೇಣಿ ಹೊರಗೆ ಬಂದು "ಅಕ್ಕಾ, ತಲೆ ನೋವ್ತದೆ" ಎಂದಳು. ಕರೆಂಟು ಇತ್ತು, ಜನರೇಟರ್ ಓಡುತ್ತಿರಲಿಲ್ಲ, ಕಿಟಕಿ ತೆರೆದಿತ್ತು. ಅವಳ ಗಂಡ ಸಿನಿಮಾಕ್ಕೆ ಹೊರಟವನ ಹಾಗೆ ಕೆಳಗೆ ಬೈಕಿನಲ್ಲಿ ಕಾಯುತ್ತಿದ್ದದ್ದೂ ನನಗೆ ಕಾಣುತ್ತಿತ್ತು. ಅವಳ ತುಟಿಯಂಚಿನಲ್ಲಿ ನಗು ಇತ್ತು. ನನಗೆ ಸಿಟ್ಟು ಬಂದದ್ದು ಹೌದು. ಇಪ್ಪತ್ತು ರವಿಕೆ ಬಾಕಿ! ಆದರೂ ಕತ್ತರಿ ಕೆಳಗಿಟ್ಟು, "ಹೋಗು ಮಾರಾಯ್ತಿ, ಮನೆಗೆ ಹೋಗು" ಎಂದೆ. ಅವಳ ತಲೆನೋವು ಸುಳ್ಳಾಗಿದ್ದಕ್ಕೆ ನನಗೆ ಅಷ್ಟು ಸಮಾಧಾನವಾಯಿತು.